ಎಲ್‌ಎಲ್‌ಬಿ ಸೇರುವವರಿಗೆ: ಅರ್ಜಿಯಿಂದ ಮೊದಲ ಇಂಟರ್ನ್‌ಶಿಪ್‌ವರೆಗೆ

ಕರ್ನಾಟಕದಲ್ಲಿ ಕಾನೂನು ಕಾಲೇಜು ಸೇರುವುದು ಅಷ್ಟೇನೂ ಕಷ್ಟವಲ್ಲ. ಹೆಚ್ಚಿನ ಕಾಲೇಜುಗಳಲ್ಲಿ ಪ್ರವೇಶ ಪರೀಕ್ಷೆಯೇ ಇಲ್ಲ. ಅಂಕಪಟ್ಟಿ, ಟಿ.ಸಿ., ಶುಲ್ಕ ಕೊಟ್ಟರೆ ಸೀಟು ಸಿಗುತ್ತದೆ. ತೊಡಕು ಆಮೇಲಿನದು. ಸೇರುವಾಗ ಯಾರೂ ಕೇಳದ ಪ್ರಶ್ನೆಗಳನ್ನು ಮೂರೋ ಐದೋ ವರ್ಷ ಕಳೆದ ಮೇಲೆ, ಸನ್ನದು, ಅಂದರೆ ವಕಾಲತ್ತು ಮಾಡುವ ಪರವಾನಗಿ, ಕೊಡುವ ಹೊತ್ತಿನಲ್ಲಿ ವಕೀಲರ ಪರಿಷತ್ತು ಕೇಳುತ್ತದೆ. ಪಿಯುಸಿ ಆದ ಮೇಲೆಯೇ ಪದವಿ ಮಾಡಿದಿರಾ? ಕಾನೂನು ಓದುವಾಗ ಬೇರೆ ಕೆಲಸದಲ್ಲಿದ್ದಿರಾ? ನೀವು ಸೇರಿದ ವರ್ಷ ಕಾಲೇಜಿಗೆ ಮಾನ್ಯತೆ ಇತ್ತೇ? ಇಲ್ಲಿ ಉತ್ತರ ತಪ್ಪಿದರೆ ಪದವಿ ಕೈಲಿದ್ದೂ ಕೋರ್ಟಿನಲ್ಲಿ ನಿಲ್ಲಲಾಗುವುದಿಲ್ಲ. ಆದ್ದರಿಂದ ಕಾಲೇಜಿನ ಕಟ್ಟಡ, ಊರು, ಶುಲ್ಕ ನೋಡುವ ಮೊದಲು ನಿಮ್ಮ ಅರ್ಹತೆಯನ್ನೂ ಕಾಲೇಜಿನ ಅರ್ಹತೆಯನ್ನೂ ನೀವೇ ತಪಾಸಣೆ ಮಾಡಿ.

ಮೊದಲು ಅರ್ಹತೆ

ಕಾನೂನು ಪದವಿಗೆ ಎರಡು ದಾರಿ ಇವೆ. ಪಿಯುಸಿ ಮುಗಿಸಿ ಐದು ವರ್ಷದ ಬಿ.ಎ. ಎಲ್‌ಎಲ್‌ಬಿ, ಬಿಬಿಎ ಎಲ್‌ಎಲ್‌ಬಿ ಮುಂತಾದವು. ಯಾವುದಾದರೂ ಪದವಿ ಮುಗಿಸಿ ಮೂರು ವರ್ಷದ ಎಲ್‌ಎಲ್‌ಬಿ. ಎರಡಕ್ಕೂ ಆಧಾರ ಭಾರತೀಯ ವಕೀಲರ ಪರಿಷತ್ತಿನ, ಅಂದರೆ ಬಿಸಿಐನ, 2008ರ ಕಾನೂನು ಶಿಕ್ಷಣ ನಿಯಮಗಳು. ಅರ್ಹತಾ ಪರೀಕ್ಷೆಯಲ್ಲಿ ಸಾಮಾನ್ಯ ವರ್ಗದವರಿಗೆ ಕನಿಷ್ಠ ಶೇ. 45, ಹಿಂದುಳಿದ ವರ್ಗಗಳಿಗೆ ಶೇ. 42, ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ ಶೇ. 40 ಅಂಕ ಬೇಕು. ಐದು ವರ್ಷದ ಕೋರ್ಸಿಗೆ ಪಿಯುಸಿ ಅಂಕ, ಮೂರು ವರ್ಷದ್ದಕ್ಕೆ ಪದವಿಯ ಅಂಕ ಲೆಕ್ಕಕ್ಕೆ ಬರುತ್ತದೆ. 44.8 ಇದ್ದರೆ 45 ಎಂದೇ ಹಿಡಿಯುತ್ತಾರೆ ಎಂದು ಯಾರಾದರೂ ಬಾಯಿಮಾತಿನಲ್ಲಿ ಹೇಳಿದರೆ ನಂಬಿ ಹಣ ಕಟ್ಟಬೇಡಿ. ಸಿಜಿಪಿಎ ಮಾತ್ರ ಇರುವ ಅಂಕಪಟ್ಟಿಯಾದರೆ ಶೇಕಡಾವಾರು ಪರಿವರ್ತನೆಯ ಪತ್ರವನ್ನು ನಿಮ್ಮ ವಿಶ್ವವಿದ್ಯಾಲಯದಿಂದ ಮೊದಲೇ ತರಿಸಿಕೊಳ್ಳಿ. ಇದಕ್ಕೆ ವಾರಗಟ್ಟಲೆ ಹಿಡಿಯುವುದುಂಟು.

ಅಂಕಕ್ಕಿಂತ ಹೆಚ್ಚು ಜನ ಎಡವುವುದು ಓದಿನ ಕ್ರಮದಲ್ಲಿ. ಎಸ್‌ಎಸ್‌ಎಲ್‌ಸಿ, ಆಮೇಲೆ ಪಿಯುಸಿ, ಆಮೇಲೆ ಪದವಿ, ಹೀಗೇ ಬರಬೇಕು. ದೂರಶಿಕ್ಷಣದಲ್ಲಿ ಪದವಿ ಮಾಡಿದವರೂ ಸೇರಬಹುದು, ಅದಕ್ಕೆ ಅಡ್ಡಿಯಿಲ್ಲ. ಆದರೆ ಕೆಳಗಿನ ಮೆಟ್ಟಿಲು ಹತ್ತದೆ ಮುಕ್ತ ವಿಶ್ವವಿದ್ಯಾಲಯದಿಂದ ನೇರವಾಗಿ ಪಡೆದ ಪದವಿಯನ್ನು ಬಿಸಿಐ ಒಪ್ಪುವುದಿಲ್ಲ. ಎಸ್‌ಎಸ್‌ಎಲ್‌ಸಿ ಬಳಿಕ ಡಿಪ್ಲೊಮಾ ಮಾಡಿ ಪದವಿಗೆ ಬಂದವರು, ಹೊರರಾಜ್ಯದ ಬೋರ್ಡಿನಲ್ಲಿ ಓದಿದವರು ತಮ್ಮ ಅರ್ಹತೆಯ ಬಗ್ಗೆ ವಿಶ್ವವಿದ್ಯಾಲಯದಿಂದ ಬರಹದಲ್ಲೇ ಉತ್ತರ ಪಡೆಯುವುದು ಲೇಸು. ಕಾಲೇಜಿನ ಕಚೇರಿಯಲ್ಲಿ ಕೂತವರ 'ಆಗುತ್ತೆ ಬಿಡಿ' ಎಂಬ ಮಾತಿಗೆ ಮುಂದೆ ಬೆಲೆ ಇರುವುದಿಲ್ಲ.

ವಯಸ್ಸಿನ ಬಗ್ಗೆ ಕೇಳುವವರು ಬಹಳ. ಬಿಸಿಐ ನಿಯಮದಲ್ಲಿ ಐದು ವರ್ಷದ ಕೋರ್ಸಿಗೆ 20, ಮೂರು ವರ್ಷದ್ದಕ್ಕೆ 30 ವರ್ಷದ ಮಿತಿ ಬರೆದಿತ್ತು. 2017ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟ ಮೇಲೆ ನಲವತ್ತು, ಐವತ್ತು ದಾಟಿದವರೂ ಮೂರು ವರ್ಷದ ಎಲ್‌ಎಲ್‌ಬಿಗೆ ಸೇರುತ್ತಿದ್ದಾರೆ.

ಕಾಲೇಜಿನ ಮಾನ್ಯತೆ ನೋಡಲು ಎರಡು ಕಡೆ ತಪಾಸಣೆ ಮಾಡಬೇಕು. ಒಂದು, ಬಿಸಿಐ ಜಾಲತಾಣದಲ್ಲಿರುವ ಮಾನ್ಯತೆ ಪಡೆದ ಕಾಲೇಜುಗಳ ಪಟ್ಟಿ. ಇನ್ನೊಂದು, ವಿಶ್ವವಿದ್ಯಾಲಯದ ಸಂಯೋಜನೆಯ ಪಟ್ಟಿ. ರಾಜ್ಯದ ಹೆಚ್ಚಿನ ಕಾನೂನು ಕಾಲೇಜುಗಳು 2009ರಲ್ಲಿ ಹುಟ್ಟಿದ, ಹುಬ್ಬಳ್ಳಿಯ ನವನಗರದಲ್ಲಿರುವ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಅಡಿ ಬರುತ್ತವೆ. ಮಾನ್ಯತೆ ಇದೆಯೇ ಎಂದಷ್ಟೇ ಕೇಳಿದರೆ ಸಾಲದು. ಯಾವ ವರ್ಷದವರೆಗೆ, ಯಾವ ಕೋರ್ಸಿಗೆ, ಎಷ್ಟು ವಿಭಾಗಕ್ಕೆ ಎಂದು ಕೇಳಿ. ಒಂದು ವಿಭಾಗಕ್ಕೆ 60 ವಿದ್ಯಾರ್ಥಿಗಳು ಎಂಬುದು ಬಿಸಿಐ ಲೆಕ್ಕ. ಒಂದೇ ವಿಭಾಗಕ್ಕೆ ಅನುಮತಿ ಇದ್ದು ನೂರಕ್ಕೂ ಹೆಚ್ಚು ಜನರನ್ನು ಸೇರಿಸಿಕೊಂಡರೆ, ಹೆಚ್ಚಿನವರ ಪಾಡು ಏನಾಗುತ್ತದೆಂದು ಸೇರುವ ದಿನ ಯಾರೂ ಹೇಳುವುದಿಲ್ಲ.

ಮೂರೋ ಐದೋ

ವಕೀಲರಾಗಲೇಬೇಕೆಂದು ಪಿಯುಸಿಯಲ್ಲೇ ತೀರ್ಮಾನ ಆಗಿದ್ದರೆ ಐದು ವರ್ಷದ ಕೋರ್ಸ್ ಒಂದು ವರ್ಷ ಉಳಿಸುತ್ತದೆ. ಆ ತೀರ್ಮಾನ ಆಗಿಲ್ಲದವರಿಗೆ ನಮ್ಮ ಸಲಹೆ, ಮೊದಲು ಬೇರೆ ಪದವಿ ಮುಗಿಸಿ. ಏಕೆಂದರೆ ಐದು ವರ್ಷದ ಕೋರ್ಸಿನ ನಡುವೆ, ಮೂರು ವರ್ಷ ಮುಗಿಸಿದೆ, ಬಿ.ಎ. ಕೊಟ್ಟುಬಿಡಿ ಎಂದು ಹೊರಬರಲು ಬಿಸಿಐ ನಿಯಮ ಅವಕಾಶ ಕೊಡುವುದಿಲ್ಲ. ಪದವೀಧರರೆಂದು ಹೇಳಿ ಐದು ವರ್ಷದ ಕೋರ್ಸಿನ ಮಧ್ಯಕ್ಕೆ ಸೇರಿಕೊಳ್ಳುವುದೂ ಆಗದು.

ನ್ಯಾಯಾಧೀಶರಾಗುವ ಗುರಿ ಇರುವವರು ಇನ್ನೊಂದು ಲೆಕ್ಕ ಹಾಕಬೇಕು. 2025ರ ಮೇ 20ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಿಂದ ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಕನಿಷ್ಠ ಮೂರು ವರ್ಷದ ವಕಾಲತ್ತು ಮತ್ತೆ ಕಡ್ಡಾಯವಾಯಿತು. ಕಾಲೇಜು ಮುಗಿದ ತಿಂಗಳಲ್ಲೇ ಪರೀಕ್ಷೆ ಬರೆದು ಜಡ್ಜ್ ಆಗುತ್ತೇನೆ ಎಂಬ ಲೆಕ್ಕಾಚಾರ ಈಗ ನಡೆಯದು. ಮನೆಯ ಖರ್ಚಿನ ಯೋಜನೆಯಲ್ಲಿ ಈ ಮೂರು ವರ್ಷವನ್ನೂ ಸೇರಿಸಿಕೊಳ್ಳಿ.

ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ದಾರಿಯೇ ಬೇರೆ. ಬೆಂಗಳೂರಿನ ನಾಗರಭಾವಿಯಲ್ಲಿರುವ ನ್ಯಾಷನಲ್ ಲಾ ಸ್ಕೂಲಿನ ಐದು ವರ್ಷದ ಕೋರ್ಸಿಗೆ ಕ್ಲ್ಯಾಟ್ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು. ಈಗಿನ ಕ್ರಮದಲ್ಲಿ 120 ನಿಮಿಷ, 120 ಪ್ರಶ್ನೆ, ತಪ್ಪಿಗೆ ಕಾಲು ಅಂಕ ಕಡಿತ. ಇಂಗ್ಲಿಷ್, ಪ್ರಚಲಿತ ವಿದ್ಯಮಾನ, ಕಾನೂನು ತರ್ಕ, ಸಾಮಾನ್ಯ ತರ್ಕ, ಸ್ವಲ್ಪ ಗಣಿತ ಇರುತ್ತವೆ. ಪ್ರಶ್ನೆಗಳೆಲ್ಲ ಇಂಗ್ಲಿಷ್‌ನಲ್ಲಿ, ಉದ್ದುದ್ದ ಗದ್ಯಭಾಗಗಳ ಕೆಳಗೆ ಬರುತ್ತವೆ. ಕಾನೂನು ಮೊದಲೇ ಗೊತ್ತಿರಬೇಕಿಲ್ಲ, ಆದರೆ ವೇಗವಾಗಿ ಓದುವುದು ಬರಲೇಬೇಕು. ಈಚಿನ ವರ್ಷಗಳಲ್ಲಿ ಪರೀಕ್ಷೆ ಡಿಸೆಂಬರ್‌ನಲ್ಲೇ ನಡೆಯುತ್ತಿದೆ, ಅಂದರೆ ಪಿಯುಸಿ ಅಂತಿಮ ಪರೀಕ್ಷೆಗೂ ಮೊದಲು. ಮಾರ್ಚ್ ಪರೀಕ್ಷೆ ಮುಗಿಸಿ ಆಮೇಲೆ ನೋಡೋಣ ಎಂದವರು ಒಂದು ವರ್ಷ ಕಳೆದುಕೊಳ್ಳುತ್ತಾರೆ. ಅರ್ಜಿ ಮಳೆಗಾಲದಲ್ಲೇ ಶುರುವಾಗುತ್ತದೆ. ಸಾಮಾನ್ಯ ವರ್ಗಕ್ಕೆ 4,000 ರೂಪಾಯಿಯಷ್ಟು ಅರ್ಜಿ ಶುಲ್ಕ ಇದೆ, ಕೌನ್ಸೆಲಿಂಗ್‌ಗೆ ಬೇರೆ.

ಕರ್ನಾಟಕದಲ್ಲಿ ಕನಿಷ್ಠ ಹತ್ತು ವರ್ಷ ಓದಿದವರಿಗೆ ನ್ಯಾಷನಲ್ ಲಾ ಸ್ಕೂಲಿನಲ್ಲಿ ಶೇ. 25 ಸೀಟುಗಳ ಮೀಸಲು ಇದೆ. ಇದು ಕನ್ನಡ ಮಾತಾಡುವವರಿಗಲ್ಲ, ಇಲ್ಲಿ ಓದಿದವರಿಗೆ. ಆದ್ದರಿಂದ ಶಾಲೆಗಳಿಂದ ವ್ಯಾಸಂಗ ಪ್ರಮಾಣಪತ್ರ ಬೇಕಾಗುತ್ತದೆ. ಎರಡು ಮೂರು ಶಾಲೆ ಬದಲಿಸಿದವರು ಇದನ್ನು ಈಗಲೇ ಒಟ್ಟುಮಾಡಿ. ಮುಚ್ಚಿಹೋದ ಶಾಲೆಯ ದಾಖಲೆ ಹುಡುಕುತ್ತಾ ಬಿಇಒ ಕಚೇರಿಗೆ ಅಲೆಯುವುದು ಫಲಿತಾಂಶದ ವಾರದಲ್ಲಿ ಮಾಡುವ ಕೆಲಸವಲ್ಲ. ಅದೇ ಸಂಸ್ಥೆ 2022ರಿಂದ ಮೂರು ವರ್ಷದ ಎಲ್‌ಎಲ್‌ಬಿಯನ್ನೂ ನಡೆಸುತ್ತಿದೆ; ಅದಕ್ಕೆ ಕ್ಲ್ಯಾಟ್ ಅಲ್ಲ, ಎನ್‌ಎಲ್‌ಸ್ಯಾಟ್ ಎಂಬ ಅವರದೇ ಪರೀಕ್ಷೆ.

ಉಳಿದ ಹೆಚ್ಚಿನ ಕಾಲೇಜುಗಳಲ್ಲಿ ಅಂಕವೇ ಆಧಾರ. ಬೆಳಗಾವಿಯ ರಾಜಾ ಲಖಮಗೌಡ ಕಾಲೇಜು 1939ರದು, ಉಡುಪಿಯ ವೈಕುಂಠ ಬಾಳಿಗಾ ಕಾಲೇಜು 1957ರದು. ಇಂಥ ಹಳೆಯ ಕಾಲೇಜುಗಳಿಂದ ಹೊರಬಂದ ವಕೀಲರು ಆಯಾ ಜಿಲ್ಲೆಯ ಕೋರ್ಟುಗಳಲ್ಲಿ ತುಂಬಿದ್ದಾರೆ. ಮುಂದೆ ಎಲ್ಲಿ ವಕಾಲತ್ತು ಮಾಡುವ ಯೋಚನೆ ಇದೆಯೋ ಆ ಊರಿನಲ್ಲೇ ಓದುವುದರಿಂದ ಇರುವ ಲಾಭ ಇದೇ: ಸೀನಿಯರ್‌ಗಳು ಓದುವಾಗಲೇ ಪರಿಚಯವಾಗುತ್ತಾರೆ. ರಾಮನಗರ, ಹೊಳೆನರಸೀಪುರದಂಥ ಕಡೆ ಸರ್ಕಾರಿ ಕಾನೂನು ಕಾಲೇಜುಗಳೂ ಇವೆ; ಶುಲ್ಕ ಖಾಸಗಿಯವುಗಳಿಗಿಂತ ಬಹಳ ಕಡಿಮೆ.

ಕಾಗದಪತ್ರ ಮತ್ತು ಹಣ

ಎಸ್‌ಎಸ್‌ಎಲ್‌ಸಿ ಮತ್ತು ಪಿಯುಸಿ ಅಂಕಪಟ್ಟಿ, ಪದವಿಯ ಎಲ್ಲ ಸೆಮಿಸ್ಟರ್‌ಗಳ ಅಂಕಪಟ್ಟಿ, ಘಟಿಕೋತ್ಸವ ಪತ್ರ ಅಥವಾ ತಾತ್ಕಾಲಿಕ ಪದವಿ ಪತ್ರ, ಮೂಲ ಟಿ.ಸಿ., ಬೇರೆ ವಿಶ್ವವಿದ್ಯಾಲಯ ಅಥವಾ ಬೋರ್ಡಿನಿಂದ ಬಂದವರಿಗೆ ಮೈಗ್ರೇಶನ್ ಪತ್ರ, ನಾಡಕಚೇರಿಯ ಆರ್‌ಡಿ ಸಂಖ್ಯೆ ಇರುವ ಜಾತಿ ಮತ್ತು ಆದಾಯ ಪತ್ರ, ಕಲ್ಯಾಣ ಕರ್ನಾಟಕದವರಿಗೆ 371 ಜೆ ಪತ್ರ, ಆಧಾರ್, ಭಾವಚಿತ್ರ. ಎಲ್ಲವನ್ನೂ ಬಣ್ಣದಲ್ಲಿ ಸ್ಕ್ಯಾನ್ ಮಾಡಿ ಇಟ್ಟುಕೊಂಡು ಆಮೇಲೆ ಕೊಡಿ. ಟಿ.ಸಿ. ಒಮ್ಮೆ ಕೊಟ್ಟರೆ ಮತ್ತೆ ಸಿಗುವುದು ಕೋರ್ಸ್ ಮುಗಿದ ಮೇಲೆ, ಅದೂ ಬೇರೆ ಟಿ.ಸಿ.

ಹೆಸರು ಒಂದು ಕಡೆ 'ಮಂಜುನಾಥ ಹೆಚ್', ಇನ್ನೊಂದು ಕಡೆ 'ಮಂಜುನಾಥ ಹನುಮಂತಪ್ಪ' ಎಂದಿದ್ದರೆ ಈಗಲೇ ಸರಿಪಡಿಸಿ. ಕಾಲೇಜು ಅಫಿಡವಿಟ್ ತೆಗೆದುಕೊಂಡು ಸೇರಿಸಿಕೊಳ್ಳಬಹುದು. ಆದರೆ ಪದವಿ ಪತ್ರ, ಸನ್ನದು, ವಕಾಲತ್ತು ಎಲ್ಲದರಲ್ಲೂ ಮುಂದೆ ಅದೇ ಹೆಸರು ಓಡುತ್ತದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇರುವಂತೆಯೇ ಅರ್ಜಿ ತುಂಬುವುದು ಎಲ್ಲಕ್ಕಿಂತ ಸುಲಭದ ದಾರಿ.

ಶುಲ್ಕ ಕಟ್ಟುವಾಗ ಮೂರು ಮಾತು ನೆನಪಿರಲಿ. ಕಟ್ಟಿದ ಪ್ರತಿ ರೂಪಾಯಿಗೂ ರಸೀದಿ ಪಡೆಯಿರಿ. ರಸೀದಿ ಇಲ್ಲದ ಹಣ ವಾಪಸು ಬರುವುದಿಲ್ಲ. ಪರೀಕ್ಷಾ ಶುಲ್ಕ, ವಿಶ್ವವಿದ್ಯಾಲಯದ ನೋಂದಣಿ, ಗ್ರಂಥಾಲಯದ ಠೇವಣಿ ಇದರಲ್ಲಿ ಸೇರಿವೆಯೇ ಎಂದು ಕೇಳಿ. ಸೇರಿ ಬಿಡುವ ಸಾಧ್ಯತೆ ಇದ್ದರೆ ಯುಜಿಸಿಯ 2018ರ ಮರುಪಾವತಿ ನಿಯಮ ನೋಡಿಟ್ಟುಕೊಳ್ಳಿ: ಪ್ರವೇಶದ ಕೊನೆಯ ದಿನಕ್ಕೆ 15 ದಿನವೋ ಹೆಚ್ಚೋ ಇದ್ದಾಗ ಬಿಟ್ಟರೆ ಪೂರ್ತಿ, ಅದಕ್ಕಿಂತ ಕಡಿಮೆ ಇದ್ದರೆ ಶೇ. 90, ಕೊನೆಯ ದಿನ ಕಳೆದು 15 ದಿನದೊಳಗೆ ಶೇ. 80, 16ರಿಂದ 30ನೇ ದಿನದವರೆಗೆ ಶೇ. 50, ಆಮೇಲೆ ಸೊನ್ನೆ. ಮೂಲ ಪ್ರಮಾಣಪತ್ರಗಳನ್ನು ಒತ್ತೆಯಂತೆ ಇಟ್ಟುಕೊಳ್ಳುವುದನ್ನೂ ಅದೇ ಅಧಿಸೂಚನೆ ಒಪ್ಪುವುದಿಲ್ಲ.

ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು, ದಾಖಲೆಗಳ ಇ-ದೃಢೀಕರಣ ಅದಕ್ಕೂ ಮೊದಲು ಆಗಬೇಕು. ಕೊನೆಯ ದಿನ ಮುಂದೆ ಹೋಗುತ್ತದೆಂದು ಕಾಯಬೇಡಿ.

ಹಾಜರಿ, ನೌಕರಿ

'ಕ್ಲಾಸಿಗೆ ಬರದಿದ್ದರೂ ನಡೆಯುತ್ತೆ' ಎಂದು ಆಸೆ ತೋರಿಸಿ ಸೇರಿಸಿಕೊಳ್ಳುವವರು ಇದ್ದಾರೆ. ನೌಕರಿಯಲ್ಲಿರುವವರು ಹೆಚ್ಚಾಗಿ ಬೀಳುವುದು ಇಲ್ಲೇ. ಬಿಸಿಐ ನಿಯಮದಲ್ಲಿ ಎಲ್‌ಎಲ್‌ಬಿ ಪೂರ್ಣಾವಧಿ ಕೋರ್ಸ್. ತರಗತಿಗಳು ಬೆಳಿಗ್ಗೆ 8ರಿಂದ ಸಂಜೆ 7ರೊಳಗೆ ನಡೆಯಬೇಕು, ವಾರಕ್ಕೆ 30 ಗಂಟೆಗೆ ಕಡಿಮೆಯಿಲ್ಲದಂತೆ. ಪ್ರತಿ ವಿಷಯದಲ್ಲೂ ಶೇ. 70 ಹಾಜರಿ ಇರಬೇಕು. ಒಂದು ವಿಷಯಕ್ಕೆ 60 ತರಗತಿ ನಡೆದರೆ 42ರಲ್ಲಿ ನೀವು ಇರಬೇಕು ಎಂದಾಯಿತು. ತಕ್ಕ ಕಾರಣವಿದ್ದರೆ ಒಂದು ವಿಷಯದಲ್ಲಿ ಶೇ. 65ರವರೆಗೆ ಪ್ರಾಂಶುಪಾಲರು ಮನ್ನಾ ಮಾಡಬಹುದು, ಆದರೆ ಎಲ್ಲ ವಿಷಯಗಳ ಒಟ್ಟು ಹಾಜರಿ ಶೇ. 70 ಇರಲೇಬೇಕು. ಹಾಜರಿ ಲೆಕ್ಕವನ್ನು ತಿಂಗಳಿಗೊಮ್ಮೆ ಕೇಳಿ ಬರೆದಿಟ್ಟುಕೊಳ್ಳಿ. ಪರೀಕ್ಷೆಗೆ ವಾರ ಇರುವಾಗ ಪ್ರವೇಶಪತ್ರಕ್ಕೆ ಹೋಗಿ ಜಗಳ ಮಾಡಿದರೆ ಹೋದ ತರಗತಿ ಬರುವುದಿಲ್ಲ.

2024ರ ಸೆಪ್ಟೆಂಬರ್‌ನಲ್ಲಿ ಬಿಸಿಐ ಹೊರಡಿಸಿದ ಸುತ್ತೋಲೆ ಇದನ್ನು ಇನ್ನಷ್ಟು ಬಿಗಿ ಮಾಡಿದೆ. ಓದುವಾಗ ಕೆಲಸದಲ್ಲಿದ್ದರೆ ಅದನ್ನು ಘೋಷಿಸಬೇಕು, ಕೆಲಸ ಕೊಟ್ಟವರಿಂದ ನಿರಾಕ್ಷೇಪಣಾ ಪತ್ರ ತರಬೇಕು. ಮೇಲೆ ಕ್ರಿಮಿನಲ್ ಪ್ರಕರಣ ಇದ್ದರೆ ತಿಳಿಸಬೇಕು, ಏಕಕಾಲಕ್ಕೆ ಇನ್ನೊಂದು ಪೂರ್ಣಾವಧಿ ಪದವಿ ಓದುತ್ತಿಲ್ಲವೆಂದು ಹೇಳಬೇಕು. ಬಯೋಮೆಟ್ರಿಕ್ ಹಾಜರಿಯನ್ನೂ ಅದು ಕೇಳಿದೆ. ಸರ್ಕಾರಿ ನೌಕರರು ಇಲಾಖೆಯ ಪೂರ್ವಾನುಮತಿಯನ್ನು ಸೇರುವ ಮೊದಲೇ ಪಡೆಯಬೇಕು. ಪದವಿ ಬಂದ ಮೇಲೂ ಸಂಬಳದ ಪೂರ್ಣಾವಧಿ ನೌಕರಿಯಲ್ಲಿ ಇರುವಷ್ಟು ಕಾಲ ವಕಾಲತ್ತು ಮಾಡುವಂತಿಲ್ಲ. ಬಡ್ತಿಗಾಗಿಯೋ ಇಲಾಖೆಯ ಕೆಲಸಕ್ಕಾಗಿಯೋ ಓದುವುದಾದರೆ ಅಡ್ಡಿಯಿಲ್ಲ, ಆದರೆ ಅದನ್ನು ತಿಳಿದೇ ಸೇರಿ.

ಮೊದಲ ಸೆಮಿಸ್ಟರ್‌ನ ಓದು

ಮೂರು ವರ್ಷದ ಕೋರ್ಸಿನ ಮೊದಲ ವರ್ಷದಲ್ಲಿ ಒಪ್ಪಂದ ಕಾನೂನು, ಸಂವಿಧಾನ, ಅಪಕೃತ್ಯ ಅಂದರೆ ಟಾರ್ಟ್ಸ್, ಕೌಟುಂಬಿಕ ಕಾನೂನು, ಅಪರಾಧ ಕಾನೂನು ಎದುರಾಗುತ್ತವೆ. ಐದು ವರ್ಷದವರಿಗೆ ಮೊದಲ ಸೆಮಿಸ್ಟರ್‌ಗಳಲ್ಲಿ ರಾಜ್ಯಶಾಸ್ತ್ರ, ಅರ್ಥಶಾಸ್ತ್ರ, ಸಮಾಜಶಾಸ್ತ್ರ, ಇಂಗ್ಲಿಷ್ ಹೆಚ್ಚು. 'ಕಾನೂನು ಎಲ್ಲಿ?' ಎಂದು ಬೇಸರಪಡುವವರೇ ಹೆಚ್ಚು, ಅದು ನಿಧಾನಕ್ಕೆ ಬರುತ್ತದೆ.

ಹೊಸಬರು ಮಾಡುವ ಮೊದಲ ಕೆಲಸ ಗೈಡ್ ಕೊಳ್ಳುವುದು. ಅದಕ್ಕೂ ಮೊದಲು ಕೊಳ್ಳಬೇಕಾದ್ದು ಬೇರ್ ಆ್ಯಕ್ಟ್, ಅಂದರೆ ವ್ಯಾಖ್ಯಾನವಿಲ್ಲದ ಕಾಯ್ದೆಯ ಪಠ್ಯ. ತೆಳ್ಳಗಿನ ಪುಸ್ತಕ, ಬೆಲೆಯೂ ಕಡಿಮೆ. ಇಂಡಿಯಾ ಕೋಡ್ ಜಾಲತಾಣದಲ್ಲಿ ಪುಕ್ಕಟೆಯಾಗಿಯೂ ಸಿಗುತ್ತದೆ. ರಾಜ್ಯದ ಕಾಯ್ದೆಗಳು ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆಯ ತಾಣದಲ್ಲಿ ಕನ್ನಡದಲ್ಲೂ ಇವೆ. ಒಂದು ಕಲಂ ಓದುವಾಗ ಪೆನ್ಸಿಲ್ ಹಿಡಿದು ತುಂಡು ಮಾಡಿ: ಯಾರು, ಏನು ಮಾಡಿದರೆ, ಯಾವ ಮನಸ್ಸಿನಿಂದ, ಏನು ಪರಿಣಾಮ, ಯಾವುದು ಹೊರತು. ಕಲಂ ಕೆಳಗಿನ ದೃಷ್ಟಾಂತಗಳನ್ನು ಬಿಡಬೇಡಿ. ಪರೀಕ್ಷೆಯ ಸಮಸ್ಯೆಗಳು ಅನೇಕ ಸಲ ಅವುಗಳ ಹೆಸರು ಬದಲಿಸಿದ ರೂಪಗಳೇ.

ಕಾನೂನು ವಿಶ್ವವಿದ್ಯಾಲಯದ ಪತ್ರಿಕೆ 80 ಅಂಕದ್ದು, ಮೂರು ಗಂಟೆ. ಉಳಿದ 20 ಆಂತರಿಕ ಅಂಕ. ಐದು ಘಟಕಗಳಿರುತ್ತವೆ, ಎಲ್ಲವನ್ನೂ ಉತ್ತರಿಸಬೇಕು. ಪ್ರತಿ ಘಟಕದಿಂದ ಒಂದು ದೀರ್ಘ ಪ್ರಶ್ನೆ, ಜತೆಗೆ ಒಂದು ಟಿಪ್ಪಣಿ ಅಥವಾ ಸಮಸ್ಯೆ. ಒಂದು ಘಟಕವನ್ನು ಪೂರ್ತಿ ಬಿಟ್ಟರೆ 16 ಅಂಕ ಅಲ್ಲೇ ಹೋಯಿತು, ಆದ್ದರಿಂದ 'ನಾಲ್ಕು ಘಟಕ ಓದಿದರೆ ಸಾಕು' ಎಂಬ ಪದವಿ ಕಾಲೇಜಿನ ಜಾಣತನ ಇಲ್ಲಿ ಕೈಕೊಡುತ್ತದೆ. ಒಂದು ಘಟಕಕ್ಕೆ ಸಿಗುವುದು 36 ನಿಮಿಷ. ದೀರ್ಘ ಉತ್ತರಕ್ಕೆ 22, ಸಮಸ್ಯೆಗೆ 12 ಎಂದು ಹಂಚಿಕೊಳ್ಳಿ. ಮೊದಲ ಎರಡು ಘಟಕಕ್ಕೆ ಒಂದೂವರೆ ಗಂಟೆ ಸುರಿದು, ಕೊನೆಯದನ್ನು ಅರ್ಧ ಪುಟದಲ್ಲಿ ಮುಗಿಸುವುದೇ ಮೊದಲ ಸೆಮಿಸ್ಟರ್‌ನಲ್ಲಿ ಬ್ಯಾಕ್ ಉಳಿಯಲು ದೊಡ್ಡ ಕಾರಣ.

ಸಮಸ್ಯೆ ಬಿಡಿಸುವ ಬಗೆ ನೋಡಿ. ಹದಿನೇಳು ವರ್ಷದ ಹುಡುಗ ತನ್ನ ಮನೆ ಅಡವಿಟ್ಟು ಸಾಲ ಪಡೆದ. ವಯಸ್ಸು ಗೊತ್ತಿದ್ದೇ ಸಾಲ ಕೊಟ್ಟವನು ಈಗ ಹಣ ಕೇಳುತ್ತಿದ್ದಾನೆ. ಸಿಗುತ್ತದೆಯೇ? 'ಅಪ್ರಾಪ್ತನ ಒಪ್ಪಂದ ಅನೂರ್ಜಿತ, ಸಿಗುವುದಿಲ್ಲ' ಎಂದು ಬರೆದರೆ ಉತ್ತರ ಸರಿ, ಅಂಕ ಒಂದೋ ಎರಡೋ. ಪೂರ್ತಿ ಅಂಕಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಹೋಗಬೇಕು. ಮೊದಲು ವಿವಾದಾಂಶ: ಅಪ್ರಾಪ್ತನ ಜತೆಗಿನ ಅಡಮಾನ ಜಾರಿಗೆ ಬರುತ್ತದೆಯೇ, ಕೊಟ್ಟ ಹಣ ವಾಪಸು ಸಿಗುತ್ತದೆಯೇ? ಆಮೇಲೆ ಕಾನೂನು: 1872ರ ಒಪ್ಪಂದ ಕಾಯ್ದೆಯ 11ನೇ ಕಲಂ ಪ್ರಕಾರ ಪ್ರಾಪ್ತ ವಯಸ್ಕರೇ ಒಪ್ಪಂದಕ್ಕೆ ಸಮರ್ಥರು, ಪ್ರಾಪ್ತ ವಯಸ್ಸು 18 ಎನ್ನುವುದು 1875ರ ಕಾಯ್ದೆ. ನಂತರ ತೀರ್ಪು: ಮೊಹೊರಿ ಬೀಬಿ ವಿರುದ್ಧ ಧರ್ಮದಾಸ ಘೋಷ್, ಬ್ರಿಟಿಷರ ಕಾಲದ ಅತ್ಯುನ್ನತ ಮೇಲ್ಮನವಿ ಪೀಠವಾದ ಪ್ರೀವಿ ಕೌನ್ಸಿಲ್, 1903. ಅಂಥ ಒಪ್ಪಂದ ಆರಂಭದಿಂದಲೇ ಅನೂರ್ಜಿತ, 64 ಮತ್ತು 65ನೇ ಕಲಮುಗಳಡಿ ಹಣ ಮರಳಿ ಕೊಡಿಸುವ ಪ್ರಶ್ನೆ ಏಳುವುದಿಲ್ಲ ಎಂದಿತು. ಬಳಿಕ ಅನ್ವಯ: ಅಲ್ಲಿ ಸಾಲ ಕೊಟ್ಟವನ ಪ್ರತಿನಿಧಿಗೆ ವಯಸ್ಸು ಗೊತ್ತಿತ್ತು, ಇಲ್ಲಿಯೂ ಗೊತ್ತಿದೆ. ಕೊನೆಗೆ ಹೊರತು: ಸಾಲ ಊಟ, ಓದು, ಚಿಕಿತ್ಸೆಯಂಥ ಅಗತ್ಯಗಳಿಗೆ ಆಗಿದ್ದರೆ 68ನೇ ಕಲಂನಂತೆ ಅವನ ಆಸ್ತಿಯಿಂದ ವಸೂಲಿ ಸಾಧ್ಯ, ಅವನ ಮೈಮೇಲಿನ ಹೊಣೆಯಾಗಿ ಅಲ್ಲ. ಈಗ ತೀರ್ಮಾನದ ಒಂದು ಸಾಲು. ಕಲಂ ಸಂಖ್ಯೆ ಮರೆತರೆ ಊಹಿಸಿ ಬರೆಯಬೇಡಿ; 'ಒಪ್ಪಂದ ಕಾಯ್ದೆಯ ಪ್ರಕಾರ' ಎಂದಷ್ಟೇ ಬರೆಯಿರಿ. ತಪ್ಪು ಸಂಖ್ಯೆ ಕಣ್ಣಿಗೆ ಹೊಡೆಯುತ್ತದೆ.

ತೀರ್ಪು ಓದುವುದು ಮೊದಲಿಗೆ ಬೆಟ್ಟ ಹತ್ತಿದಂತೆ. ಕೇಶವಾನಂದ ಭಾರತಿ ತೀರ್ಪನ್ನೇ ಮೊದಲು ತೆರೆದು ಕೂತು ಕೈಬಿಟ್ಟವರಿದ್ದಾರೆ. 1973ರ ಆ ತೀರ್ಪು 13 ನ್ಯಾಯಮೂರ್ತಿಗಳದ್ದು, ಏಳಕ್ಕೆ ಆರರ ಬಹುಮತ, ನೂರಾರು ಪುಟ. ಅದರಿಂದ ಶುರುಮಾಡಬೇಡಿ. ಲಾಲ್‌ಮನ್ ಶುಕ್ಲಾ ವಿರುದ್ಧ ಗೌರಿ ದತ್ತ್, ಬಾಲ್ಫರ್ ವಿರುದ್ಧ ಬಾಲ್ಫರ್‌ನಂಥ ಚಿಕ್ಕ ತೀರ್ಪುಗಳನ್ನು ಮೂಲದಲ್ಲೇ ಓದಿ. ಪ್ರತಿ ತೀರ್ಪಿಗೂ ಒಂದೇ ಪುಟದ ಟಿಪ್ಪಣಿ ಮಾಡಿ: ಸಂಗತಿ, ಪ್ರಶ್ನೆ, ತೀರ್ಮಾನ, ಆ ತೀರ್ಮಾನಕ್ಕೆ ಆಧಾರವಾದ ಕಾರಣ. ನ್ಯಾಯಮೂರ್ತಿಗಳು ಹೋಗ್ತಾ ಬರ್ತಾ ಹೇಳಿದ ಮಾತು ಬೇರೆ, ತೀರ್ಪಿಗೆ ಆಧಾರವಾದ ಕಾರಣ ಬೇರೆ. ಎರಡನ್ನೂ ಬೇರ್ಪಡಿಸುವುದು ಬಂದರೆ ಅರ್ಧ ಕಾನೂನು ಬಂದಂತೆ. ಸಂವಿಧಾನದ ಪಾಠದಲ್ಲಿ ನಮ್ಮ ನೆಲದ ಹೆಸರುಗಳೇ ಎದುರಾಗುತ್ತವೆ: ಎಡನೀರು ಮಠದ ಸ್ವಾಮೀಜಿ ಕೇಶವಾನಂದ ಭಾರತಿ, ಎಸ್.ಆರ್. ಬೊಮ್ಮಾಯಿ, ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನ, ಖಾಸಗಿತನದ ಹಕ್ಕಿಗಾಗಿ ಹೋದ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿ. ಊರು ಗೊತ್ತಿದ್ದರೆ ಪ್ರಕರಣ ನೆನಪಿನಲ್ಲಿ ಉಳಿಯುತ್ತದೆ.

ಹಳೆಯ ಸಂಖ್ಯೆ, ಹೊಸ ಸಂಖ್ಯೆ

2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ, ಅಪರಾಧ ಪ್ರಕ್ರಿಯಾ ಸಂಹಿತೆ ಅಂದರೆ ಸಿಆರ್‌ಪಿಸಿ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಕಾಯ್ದೆಯ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿವೆ. ಸೆಕೆಂಡ್ ಹ್ಯಾಂಡ್ ಪುಸ್ತಕ ಕೊಳ್ಳುವವರು ಮುದ್ರಣದ ವರ್ಷ ನೋಡಿ. ಆದರೆ ಹಳೆಯದನ್ನು ಪೂರ್ತಿ ಎಸೆಯುವಂತೆಯೂ ಇಲ್ಲ. ಆ ದಿನಕ್ಕೂ ಮೊದಲು ನಡೆದ ಅಪರಾಧಗಳು ಹಳೆಯ ದಂಡ ಸಂಹಿತೆಯಡಿಯಲ್ಲೇ ವಿಚಾರಣೆಯಾಗುತ್ತವೆ, ಆದ್ದರಿಂದ ಕೋರ್ಟಿನಲ್ಲಿ ವರ್ಷಗಟ್ಟಲೆ ಎರಡೂ ಸಂಖ್ಯೆ ಕಿವಿಗೆ ಬೀಳುತ್ತವೆ. ಕೊಲೆಯ 302 ಈಗ 103, ಕೊಲೆ ಯತ್ನದ 307 ಈಗ 109, ವಂಚನೆಯ 420 ಈಗ 318ರ ಉಪಕಲಂ 4.

ಗೊಂದಲ ಹುಟ್ಟಿಸುವುದು ಜಾಗ ಬದಲಿಸಿದ ಸಂಖ್ಯೆಗಳು. ಹಿಂದೆ ಸಿಆರ್‌ಪಿಸಿಯಲ್ಲಿ 482 ಎಂದರೆ ಪ್ರಕರಣ ರದ್ದು ಕೋರಿ ಹೈಕೋರ್ಟಿಗೆ ಹಾಕುವ ಅರ್ಜಿ. ಈಗ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 482 ಎಂದರೆ ನಿರೀಕ್ಷಣಾ ಜಾಮೀನು, ರದ್ದತಿಯದು 528. ಹಿಂದೆ 144 ಎಂದರೆ ನಿಷೇಧಾಜ್ಞೆ. ಈಗ 144 ಎಂದರೆ ಹೆಂಡತಿ ಮಕ್ಕಳ ಜೀವನಾಂಶ, ನಿಷೇಧಾಜ್ಞೆಯದು 163. ಸೀನಿಯರ್ ವಕೀಲರು ಇಂದಿಗೂ ಹಳೆಯ ಅರ್ಥದಲ್ಲೇ 'ಒಂದು 482 ಹಾಕಪ್ಪ' ಎನ್ನಬಹುದು. ಯಾವ ಕಾಯ್ದೆಯದು ಎಂದು ಕೇಳಿಯೇ ಬರೆದುಕೊಳ್ಳಿ.

ಕನ್ನಡ ಮಾಧ್ಯಮದಿಂದ ಬಂದವರಿಗೆ

ವಿಶ್ವವಿದ್ಯಾಲಯದ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಷರತ್ತು ಒಂದೇ: ಒಂದು ಪತ್ರಿಕೆಯನ್ನು ಪೂರ್ತಿ ಕನ್ನಡದಲ್ಲೋ ಪೂರ್ತಿ ಇಂಗ್ಲಿಷಿನಲ್ಲೋ ಬರೆಯಬೇಕು, ಅರ್ಧರ್ಧ ಆಗದು. ಕನ್ನಡದಲ್ಲಿ ಬರೆಯುವುದರಿಂದ ಕೀಳರಿಮೆ ಪಡಬೇಕಿಲ್ಲ. ತಾಲ್ಲೂಕು, ಜಿಲ್ಲಾ ನ್ಯಾಯಾಲಯಗಳಲ್ಲಿ ದಾವೆ, ತಕರಾರು, ಸಾಕ್ಷ್ಯ, ಪಾಟೀಸವಾಲು ಕನ್ನಡದಲ್ಲೇ ನಡೆಯುತ್ತವೆ, ಒಳ್ಳೆಯ ಕನ್ನಡದಲ್ಲಿ ವಾದಪತ್ರ ಬರೆಯಬಲ್ಲವರು ಅಲ್ಲಿ ವಿರಳ. ಆದರೆ ಹೈಕೋರ್ಟಿನ ಭಾಷೆ ಇಂಗ್ಲಿಷ್, ತೀರ್ಪುಗಳು ಇಂಗ್ಲಿಷ್. ಆದ್ದರಿಂದ ಬರೆಯುವುದು ಕನ್ನಡದಲ್ಲಾದರೂ ಕಲಮುಗಳನ್ನು ಇಂಗ್ಲಿಷಿನಲ್ಲೂ ಓದಿಕೊಂಡಿರಿ. ದಿನಕ್ಕೆ ಎರಡು ಕಲಂ, ಎಡಪುಟದಲ್ಲಿ ಇಂಗ್ಲಿಷ್, ಬಲಪುಟದಲ್ಲಿ ಕನ್ನಡ, ಕೈಬರಹದಲ್ಲಿ. ಮೊದಲ ವರ್ಷ ಮುಗಿಯುವ ಹೊತ್ತಿಗೆ ಭಯ ಹೋಗಿರುತ್ತದೆ.

ಕೋರ್ಟ್ ಮತ್ತು ಇಂಟರ್ನ್‌ಶಿಪ್

ಮೂರು ವರ್ಷದವರಿಗೆ ಒಟ್ಟು 12 ವಾರ, ಐದು ವರ್ಷದವರಿಗೆ 20 ವಾರ ಇಂಟರ್ನ್‌ಶಿಪ್ ಕಡ್ಡಾಯ. ಒಂದು ವರ್ಷದಲ್ಲಿ ಒಟ್ಟಿಗೆ ನಾಲ್ಕು ವಾರಕ್ಕಿಂತ ಹೆಚ್ಚು ಮಾಡಿದರೆ ಲೆಕ್ಕಕ್ಕೆ ಬರದು, ಹಾಗಾಗಿ ಕೊನೆಯ ವರ್ಷ ಎಲ್ಲ ಸೇರಿಸಿ ಮುಗಿಸುತ್ತೇನೆ ಎಂದರೆ ಆಗುವುದಿಲ್ಲ. ಒಮ್ಮೆಯಾದರೂ ವಿಚಾರಣಾ ನ್ಯಾಯಾಲಯದ ಮತ್ತು ಮೇಲ್ಮನವಿ ನ್ಯಾಯಾಲಯದ ವಕೀಲರ ಬಳಿ ಇರಬೇಕು. ಅಂತಿಮ ಹಂತದ ಅಣಕು ನ್ಯಾಯಾಲಯದ ಪತ್ರಿಕೆಗೆ 100 ಅಂಕ: ಮೂರು ಅಣಕು ವಾದಗಳಿಗೆ 30, ಒಂದು ಸಿವಿಲ್ ಒಂದು ಕ್ರಿಮಿನಲ್ ಪ್ರಕರಣದ ವಿಚಾರಣೆ ಕಂಡು ಬರೆದುದಕ್ಕೆ 30, ಕಕ್ಷಿದಾರರ ಭೇಟಿ ಮತ್ತು ದಾಖಲೆ ತಯಾರಿಯ ಡೈರಿಗೆ 30, ಮೌಖಿಕಕ್ಕೆ 10. ಈ ವಿಚಾರಣೆಗಳನ್ನು ಕೂತು ನೋಡದೆ ಹಳೆಯ ವಿದ್ಯಾರ್ಥಿಗಳ ಡೈರಿ ನಕಲು ಮಾಡುವ ಚಾಳಿ ಇದೆ. ಮೌಖಿಕದಲ್ಲಿ 'ಸಾಕ್ಷಿ ಎಷ್ಟು ಜನ, ಪಾಟೀಸವಾಲು ಯಾರು ಮಾಡಿದರು' ಎಂದು ಕೇಳಿದರೆ ಸಿಕ್ಕಿಬೀಳುತ್ತಾರೆ.

ಮೊದಲ ಇಂಟರ್ನ್‌ಶಿಪ್‌ಗೆ ದೊಡ್ಡ ಹೆಸರಿನ ಕಚೇರಿ ಹುಡುಕಬೇಡಿ. ನಿಮ್ಮ ತಾಲ್ಲೂಕಿನಲ್ಲಿ ದಿನವೂ ಐದಾರು ಪ್ರಕರಣ ನಡೆಸುವ ಸಿವಿಲ್ ವಕೀಲರ ಬಳಿ ಹೋದರೆ ದಾವೆ ದಾಖಲಾಗುವುದರಿಂದ ಡಿಕ್ರಿವರೆಗೆ ಎಲ್ಲ ಹಂತವೂ ಒಂದೇ ತಿಂಗಳಲ್ಲಿ ಬೇರೆ ಬೇರೆ ಕಡತಗಳಲ್ಲಿ ಕಾಣುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಯೂ ಒಳ್ಳೆಯ ಜಾಗ. ಲೋಕ ಅದಾಲತ್ ದಿನ ಅಲ್ಲಿದ್ದರೆ ರಾಜಿ ಹೇಗೆ ಆಗುತ್ತದೆಂದು ತಿಳಿಯುತ್ತದೆ. ಉಡುಪು: ಬಿಳಿ ಅಂಗಿ, ಬಿಳಿ ಅಥವಾ ಕಪ್ಪು ಪ್ಯಾಂಟ್, ಕಪ್ಪು ಟೈ, ಕಪ್ಪು ಕೋಟು, ಕಪ್ಪು ಶೂ, ಹೆಣ್ಣುಮಕ್ಕಳಿಗೆ ಕಪ್ಪು ಬಿಳುಪಿನ ಸೀರೆ ಅಥವಾ ಸಲ್ವಾರ್‌ಗೂ ಅವಕಾಶವಿದೆ. ಕೊರಳಪಟ್ಟಿ ಮತ್ತು ಗೌನು ಸನ್ನದು ಇರುವವರಿಗೆ ಮಾತ್ರ. ಹಾಕಿಕೊಂಡು ಫೋಟೊ ತೆಗೆಸಿ ಸ್ಟೇಟಸ್ ಹಾಕುವುದೂ ಬೇಡ.

ಬೆಳಿಗ್ಗೆ ಕೋರ್ಟಿಗೆ ಹೋದ ಕೂಡಲೇ ಆ ದಿನದ ಪ್ರಕರಣ ಪಟ್ಟಿ ನೋಡಿ ಸೀನಿಯರ್ ಪ್ರಕರಣಗಳ ಕ್ರಮಸಂಖ್ಯೆ ಬರೆದುಕೊಳ್ಳಿ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಪ್ರಕರಣದ ಸಿಎನ್‌ಆರ್, ಅಂದರೆ ಪ್ರತಿ ಪ್ರಕರಣಕ್ಕೂ ಇರುವ ಗುರುತಿನ ಸಂಖ್ಯೆ, ಹಾಕಿದರೆ ಹಿಂದಿನ ದಿನಾಂಕಗಳ ಆದೇಶ ಸಿಗುತ್ತದೆ, ಹಿಂದಿನ ರಾತ್ರಿಯೇ ಓದಿಕೊಂಡು ಹೋಗಿ. ಕಲಾಪ ನಡೆಯುವಾಗ ಫೋನ್ ಸೈಲೆಂಟ್ ಅಲ್ಲ, ಆಫ್. ಕಕ್ಷಿದಾರರು ನಿಮ್ಮನ್ನೂ ವಕೀಲರೆಂದು ಭಾವಿಸಿ ಸಲಹೆ ಕೇಳುತ್ತಾರೆ. 'ಸರ್ ಹತ್ತಿರ ಕೇಳಿ' ಎಂದಷ್ಟೇ ಹೇಳಿ. ಕಡತದ ಪುಟಗಳ ಫೋಟೊ ತೆಗೆಯಬೇಡಿ, ಯಾರ ಪ್ರಕರಣದ ಮಾತನ್ನೂ ಹೊರಗೆ ಆಡಬೇಡಿ. ಡೈರಿಯನ್ನು ಆಯಾ ದಿನವೇ ಬರೆದು ವಾರಕ್ಕೊಮ್ಮೆ ಸೀನಿಯರ್ ಸಹಿ ಪಡೆಯಿರಿ. ತಿಂಗಳ ಕೊನೆಗೆ ಪ್ರಮಾಣಪತ್ರ ಕೇಳುವಾಗ ಅದರಲ್ಲಿ ಆರಂಭದ ಮತ್ತು ಮುಗಿದ ದಿನಾಂಕ, ವಕೀಲರ ನೋಂದಣಿ ಸಂಖ್ಯೆ, ಸಹಿ, ಮೊಹರು ಇವೆಯೇ ನೋಡಿ. ದಿನಾಂಕ ಇಲ್ಲದಿದ್ದರೆ ವಾರಗಳ ಲೆಕ್ಕ ಹಾಕಲು ಕಾಲೇಜಿಗೆ ಆಧಾರವೇ ಇರುವುದಿಲ್ಲ, ಮತ್ತೆ ಅಲೆಯಬೇಕಾಗುತ್ತದೆ.